ಪದ ಬೇಕು: ಆಲೂಗಡ್ಡೆ ಬದಲಿಗೆ ‘ಲೋ ಕಾರ್ಬ್’ ತರಕಾರಿ

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಇರುವವರಿಗೆ ಭಾನುವಾರ ನಮ್ಮಲ್ಲಿ ಒಂದು ಶಿಬಿರ ಇದೆ. ಅದರ ಬೋರ್ಡನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿರುವ ‘ಲೋ ಕಾರ್ಬ್’ಗೆ, ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ ಇರುವುದು ಅನ್ನುವುದಕ್ಕೆ, ಪದ ಬೇಕು. ‘ಆಲೂಗಡ್ಡೆಗೆ ಪರ್ಯಾಯವಾದ ಅಲ್ಪ ಶರ್ಕರಪಿಷ್ಟಯುಕ್ತ ತರಕಾರಿಗಳು’ ಅಂತ ಬರೆದೆ. ಓದಿ ಹೇಳಿದರೆ ನಮ್ಮ ಅತ್ತೆಗೇ ಅರ್ಥವಾಗಲಿಲ್ಲ. ಬೋರ್ಡು ಓದಬೇಕಾದವರು ಅಂಥವರೇ. ಪಟ್ಟಿಯಲ್ಲಿ ಹೂಕೋಸು, ನವಿಲುಕೋಸು, ಮೂಲಂಗಿ, ಸೀಮೆಬದನೆ, ಟರ್ನಿಪ್ ಇವೆ. ಸುವರ್ಣಗಡ್ಡೆಯನ್ನೂ ಸೇರಿಸಿ ಅಂತ ಒಬ್ಬರು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ದಯವಿಟ್ಟು ಬೇಗ ತಿಳಿಸಿ.

ಧಾರವಾಡದಿಂದ:
ಪಿಷ್ಟ ಬೇಡ. ಅದು ಸಂಸ್ಕೃತದ ಹಿಟ್ಟು, ಅಷ್ಟೇ. ‘ಹಿಟ್ಟಿನಂಶ ಕಡಿಮೆ ಇರುವ ಕಾಯಿಪಲ್ಲೆ’ ಅಂತ ಬರೆಯಿರಿ. ‘ತರಕಾರಿ’ ಕೂಡ ಫಾರ್ಸಿ ಕಡೆಯಿಂದ ಬಂದದ್ದು. ನಮ್ಮದೇ ಮಾತು ಇರುವಾಗ ಅದೇಕೆ?

ಮಂಡ್ಯದಿಂದ:
ಆಗುವುದಿಲ್ಲ. ನಮ್ಮ ಕಡೆ ಹಿಟ್ಟು ಅಂದರೆ ಮುದ್ದೆ. ‘ಗಂಜಿ’ ಅನ್ನಿ. ಬಟ್ಟೆಗೆ ಗಂಜಿ ಹಾಕುವುದು ಎಲ್ಲರಿಗೂ ಗೊತ್ತು. ಆಲೂಗಡ್ಡೆ ಹೆಚ್ಚಿ ನೀರಿನಲ್ಲಿಟ್ಟರೆ ತಳದಲ್ಲಿ ಬೆಳ್ಳಗೆ ನಿಲ್ಲುವುದು ಅದೇ ಅಲ್ವಾ?

ಉಡುಪಿಯಿಂದ:
‘ಪರ್ಯಾಯ’ ತೆಗೆಯಿರಿ. ನಮ್ಮೂರಿನಲ್ಲಿ ಆ ಮಾತು ಕಿವಿಗೆ ಬಿದ್ದರೆ ನೆನಪಾಗುವುದು ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು. ಸುಮ್ನೆ ‘ಬದಲಿಗೆ’ ಅಂದರೆ ಸಾಕು.

ಬೆಂಗಳೂರಿನಿಂದ:
‘ಬದಲಿಗೆ’ ಸರಿ. ಗಂಜಿ ಸರಿಯಲ್ಲ. ಕಾರ್ಬ್ ಅಂದರೆ ಗಂಜಿ ಮಾತ್ರವಲ್ಲ, ಸಕ್ಕರೆಯೂ ಅದರಲ್ಲೇ ಬರುತ್ತದೆ. ಬೀಟ್‌ರೂಟಿನಲ್ಲಿ ಗಂಜಿ ಇಲ್ಲವೆನ್ನುವಷ್ಟು ಕಡಿಮೆ. ಸಿಹಿ ಎಷ್ಟಿದೆ ಅಂತ ತಿಂದವರಿಗೆಲ್ಲ ಗೊತ್ತು. ‘ಗಂಜಿ ಕಡಿಮೆ’ ಅಂತ ಬೋರ್ಡು ಹಾಕಿದರೆ ಅದೂ ಪಟ್ಟಿಗೆ ಬಂದುಬಿಡುತ್ತದೆ. ಶರ್ಕರಪಿಷ್ಟ ಅನ್ನುವ ಪದ ಕಟ್ಟಿದವರು ಸಕ್ಕರೆ, ಹಿಟ್ಟು ಎರಡನ್ನೂ ಸೇರಿಸಿದ್ದು ಅದಕ್ಕೇ. ಆದರೆ ಅದು ಪಾಠದ ಪುಸ್ತಕದಿಂದ ಅಡುಗೆಮನೆಗೆ ಬರಲಿಲ್ಲ. ‘ಕಾರ್ಬ್’ ಬಂದಿದೆ. ಡಾಕ್ಟರ ಬಾಯಲ್ಲಿ ರೋಗಿ ಕೇಳುವುದು ಅದನ್ನೇ. ‘ಕಾರ್ಬ್ ಕಡಿಮೆ ಇರುವ ತರಕಾರಿ’ ಅಂತ ಬರೆಯಿರಿ.

ನನಗೆ ಹೆಚ್ಚು ಚಿಂತೆ ಆಗಿದ್ದು ಸುವರ್ಣಗಡ್ಡೆ ನೋಡಿ. 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಕಾರ್ಬ್ ಸುಮಾರು 17 ಗ್ರಾಂ. ಸುವರ್ಣಗಡ್ಡೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಗೆಣಸು, ಕೆಸುವಿನ ಗಡ್ಡೆ ಇನ್ನೂ ಜಾಸ್ತಿ. ಮರಗೆಣಸಿನಲ್ಲಂತೂ ಎರಡು ಪಟ್ಟು. ಹೂಕೋಸಿನಲ್ಲಿ ಸುಮಾರು 5, ನವಿಲುಕೋಸಿನಲ್ಲಿ 6, ಸೀಮೆಬದನೆಯಲ್ಲಿ 4ರಿಂದ 5, ಮೂಲಂಗಿಯಲ್ಲಿ ಅದಕ್ಕೂ ಕಡಿಮೆ. ದೋಸೆಯ ಪಲ್ಯಕ್ಕೆ, ಸಾಗುವಿಗೆ ಆಲೂಗಡ್ಡೆ ಜಾಗದಲ್ಲಿ ಇವು ನಡೆಯುತ್ತವೆ. ‘ಗಡ್ಡೆ ಬದಲು ಗಡ್ಡೆ’ ಅಂತ ಯಾರೋ ಲೆಕ್ಕ ಹಾಕಿರಬೇಕು. ಸಕ್ಕರೆ ಕಾಯಿಲೆಯವರು ಬೋರ್ಡು ನಂಬಿ ತಟ್ಟೆ ತುಂಬ ಹಾಕಿಕೊಳ್ಳುತ್ತಾರೆ. ದಯವಿಟ್ಟು ತೆಗೆಯಿರಿ.

ಮೈಸೂರಿನಿಂದ:
ನವಿಲುಕೋಸು ಅನ್ನುವ ಹೆಸರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನವಿಲಿಗೂ ಅದಕ್ಕೂ ಏನು ಸಂಬಂಧ? ಡಚ್ಚರ ಮಾತಿನಲ್ಲಿ ‘ಕ್ನೋಲ್’ ಅಂದರೆ ಗಡ್ಡೆ, ‘ಕೋಲ್’ ಅಂದರೆ ಕೋಸು. ತಮಿಳರು ಈಗಲೂ ‘ನೂಲ್ಕೋಲ್’ ಅನ್ನುತ್ತಾರೆ. ಆ ‘ಕ್ನೋಲ್’ ನಮ್ಮ ಬಾಯಲ್ಲಿ ‘ನವಿಲು’ ಆಗಿದೆ ಅನ್ನುವುದು ನನ್ನ ಊಹೆ. ಊಹೆ ಸರಿಯೋ ತಪ್ಪೋ, ‘ಗೆಡ್ಡೆಕೋಸು’ ಅನ್ನುವ ಒಳ್ಳೆಯ ಹೆಸರು ಇದ್ದೇ ಇದೆ. ಅದನ್ನೇ ಬರೆಯಿರಿ.

ಬೆಂಗಳೂರಿನಿಂದ:
ಈ ಬೋರ್ಡಿನಲ್ಲಿ ಬೇಡ. ಅದು ನೆಲದ ಮೇಲೆ ಉಬ್ಬುವ ಕಾಂಡ. ಗೆಡ್ಡೆ ಅಂದ ಕೂಡಲೇ ಸುವರ್ಣಗಡ್ಡೆಯ ಗೊಂದಲ ಮತ್ತೆ ಶುರುವಾಗುತ್ತದೆ.

ಧಾರವಾಡದಿಂದ:
ಹೆಸರಿನ ಮೂಲ ಆಮೇಲೆ ಹುಡುಕಿ. ‘ಕಾರ್ಬ್’ ಒಪ್ಪಿಕೊಂಡಿರಲ್ಲ, ಬೇಸರ ಅದಕ್ಕೆ. ಪೋರ್ಚುಗೀಸರು ಹೊಸ ಕಾಯಿ ತಂದಾಗ ನಮ್ಮವರು ಇದ್ದ ‘ಮೆಣಸು’ ಹಿಡಿದು ‘ಮೆಣಸಿನಕಾಯಿ’ ಮಾಡಿದರು. ಮೆಕ್ಸಿಕೋ ಕಡೆಯ ಕಾಯಿ ‘ಸೀಮೆಬದನೆ’ ಆಯಿತು. ಓದು ಬಾರದವರು ಪದ ಕಟ್ಟಿದರು. ಓದಿದ ನಾವು ಇದ್ದದ್ದನ್ನು ಇದ್ದಂತೆ ಎತ್ತಿಕೊಳ್ಳುತ್ತಿದ್ದೇವೆ.

ಉಡುಪಿಯಿಂದ:
ಎತ್ತಿಕೊಳ್ಳುವುದು ಇವತ್ತಿನದಲ್ಲ. ನಿಮ್ಮಲ್ಲೂ ನಮ್ಮಲ್ಲೂ ಆಲೂಗಡ್ಡೆಗೆ ‘ಬಟಾಟೆ’ ಅನ್ನುತ್ತೇವೆ. ಅದು ಪೋರ್ಚುಗೀಸರ ಬಾಯಿಂದ ಬಂದದ್ದು. ಅವರಿಗೂ ಸ್ವಂತದ್ದಲ್ಲ, ಕೆರಿಬಿಯನ್ ದ್ವೀಪದ ಜನರ ಮಾತು. ನಾನು ಹೇಳಿದ ‘ಬದಲಿಗೆ’ಯ ‘ಬದಲು’ ಕೂಡ ಅರಬ್ಬಿಯದು. ‘ಸೀಮೆಬದನೆ’ಯ ದಾರಿ ಒಳ್ಳೆಯದೇ, ‘ಬಟಾಟೆ’ಯ ದಾರಿಯೂ ಕನ್ನಡದ್ದೇ. ಒಂದನ್ನು ಮಾತ್ರ ಕನ್ನಡ ಅನ್ನುವುದು ನ್ಯಾಯವಲ್ಲ.

ಧಾರವಾಡದಿಂದ:
ಬಟಾಟೆ ಮಣ್ಣಿಗೆ ಬಿದ್ದು ಬೆಳೆದ ಮೇಲೆ ಹೆಸರು ಉಳಿಯಿತು. ಕಾರ್ಬ್ ಬಂದದ್ದು ಪ್ಯಾಕೆಟ್ಟಿನ ಮೇಲಿನ ಅಚ್ಚಿನಿಂದ. ಎರಡೂ ಒಂದೇ ಅಲ್ಲ.

ಹಾಸನದಿಂದ:
ಎಲ್ಲರಿಗೂ ಧನ್ಯವಾದ. ‘ಆಲೂಗಡ್ಡೆ ಬದಲಿಗೆ ಕಾರ್ಬ್ ಕಡಿಮೆ ಇರುವ ತರಕಾರಿ’ ಅಂತ ಹಾಕುತ್ತಿದ್ದೇನೆ. ಸುವರ್ಣಗಡ್ಡೆ ತೆಗೆದೆ. ‘ಗೆಣಸು, ಕೆಸ, ಸುವರ್ಣಗಡ್ಡೆ ಈ ಪಟ್ಟಿಗೆ ಸೇರುವುದಿಲ್ಲ’ ಅಂತ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಇರುತ್ತದೆ. ನವಿಲುಕೋಸು ಹಾಗೇ ಇದೆ, ಇಲ್ಲಿನ ಸಂತೆಯಲ್ಲಿ ಕೂಗುವುದು ಅದನ್ನೇ. ಟರ್ನಿಪ್ ನಮ್ಮ ಕಡೆ ಅಪರೂಪ, ಅದಕ್ಕೇ ಬಿಟ್ಟೆ.

ಧಾರವಾಡದಿಂದ:
‘ಕಾಯಿಪಲ್ಲೆ’ ಅಂತಾದರೂ ಹಾಕಬಹುದಿತ್ತು.