ಕೊರಿಯಾದ ಬೆಟ್ಟಸಾಲು: ಬೇಕ್‌ದುದೇಗನ್ ಸರಿಯೋ, ತೇಬೆಕ್ ಶ್ರೇಣಿ ಸರಿಯೋ?

ಹಳೆಯ ನಕ್ಷೆ: ಕೊರಿಯಾದ ಬೆಟ್ಟಗಳನ್ನು ತೇಬೆಕ್, ಸೊಬೆಕ್ ಎಂದು ತುಂಡು ತುಂಡಾಗಿ ಹೇಳುವುದನ್ನು ಇನ್ನಾದರೂ ನಿಲ್ಲಿಸಬೇಕು. ಅದು ಜಪಾನಿನ ಭೂವಿಜ್ಞಾನಿ ಕೊತೊ ಬುಂಜಿರೊ 1903ರಲ್ಲಿ ಪ್ರಕಟಿಸಿದ ವಿಂಗಡಣೆ. ಕೊರಿಯಾದವರ ಸ್ವಂತ ಕ್ರಮವಾದ ಬೇಕ್‌ದುದೇಗನ್ ಅದಕ್ಕಿಂತ ಹಳೆಯದು. ಉತ್ತರದ ಬೇಕ್‌ದುಸಾನ್ ಬೆಟ್ಟದಿಂದ ದಕ್ಷಿಣದ ಜಿರಿಸಾನ್ ಬೆಟ್ಟದವರೆಗೆ ಎಲ್ಲಿಯೂ ಹೊಳೆ ದಾಟದೆ ಸಾಗುವ ಸುಮಾರು 1,400 ಕಿಲೋಮೀಟರ್ ಉದ್ದದ ಒಂದೇ ಏಣು, ಅದಕ್ಕೆ 14 ಕವಲು. ಸಾನ್‌ಗ್ಯೊಂಗ್‌ಪ್ಯೊ ಎಂಬ ಗ್ರಂಥ ಇವನ್ನೆಲ್ಲ ವಂಶಾವಳಿಯ ಕ್ರಮದಲ್ಲಿ ಬರೆದಿಟ್ಟಿದೆ. ನೀರನ್ನು ಹಂಚುವುದು ಬೆಟ್ಟ ಎಂಬ ಒಂದೇ ನಿಯಮಕ್ಕೆ ಇಡೀ ದೇಶವನ್ನು ಹೊಂದಿಸಿದವರ ಬುದ್ಧಿ ಅದು.

ಶಿಲಾಸ್ತರ: "ಒಂದೇ ಏಣು" ಎಂದಿರಿ. ಅದು ಜಲವಿಭಾಜಕ ರೇಖೆ, ಪರ್ವತಶ್ರೇಣಿ ಅಲ್ಲ. ಜಿರಿಸಾನ್‌ನಲ್ಲಿ 1,915 ಮೀಟರ್ ಇರುವ ರೇಖೆ ಚುಪುಂಗ್‌ನ್ಯೊಂಗ್ ಎಂಬ ತಗ್ಗಿನ ಬಳಿ ಸುಮಾರು 220 ಮೀಟರಿಗೆ ಇಳಿಯುತ್ತದೆ. ನೆಲ ಹೇಗೆ ಎದ್ದಿತು, ಎಲ್ಲಿ ಮಡಿಚಿಕೊಂಡಿತು ಎಂಬುದು ಆ ಗ್ರಂಥದಲ್ಲಿ ಇಲ್ಲ. ಕೊತೊ ಕೊರಿಯಾವನ್ನು ಸುತ್ತಿ ಶಿಲೆಗಳನ್ನು ನೋಡಿ ಬರೆದವನು.

ಹಳೆಯ ನಕ್ಷೆ: 220 ಮೀಟರ್ ಎಂದು ಹಗುರವಾಗಿ ಹೇಳಬೇಡಿ. ಅಷ್ಟು ತಗ್ಗಿನಲ್ಲಿಯೂ ಮಳೆನೀರು ಎರಡಾಗುತ್ತದೆ: ಒಂದು ಪಾಲು ಗುಮ್ ನದಿಗೆ, ಇನ್ನೊಂದು ನಕ್‌ದೊಂಗ್ ನದಿಗೆ. ರಾಜಧಾನಿ ಸೋಲ್ (ಸಿಯೋಲ್) ಮತ್ತು ದಕ್ಷಿಣದ ಬಂದರು ಬೂಸಾನ್ ನಡುವಿನ 1905ರ ರೈಲುದಾರಿ, 1970ರ ಹೆದ್ದಾರಿ ಎರಡೂ ಆ ತಗ್ಗನ್ನೇ ಹುಡುಕಿಕೊಂಡು ಹೋದವು.

ದಾರಿಹೋಕ: ರೈಲು ಹೋಗಿರಬಹುದು. ಜೊಸನ್ ರಾಜವಂಶದ ಕಾಲದ ಹೆದ್ದಾರಿ ಮಾತ್ರ ಆ ತಗ್ಗನ್ನು ಬಿಟ್ಟು 600 ಮೀಟರಿಗೂ ಎತ್ತರದ ಮುಂಗ್ಯೊಂಗ್ ಸೇಜೆ ಎಂಬ ಕಣಿವೆದಾರಿಯನ್ನು ಹತ್ತಿತು. ಶಿನ್ ಗ್ಯೊಂಗ್‌ಜುನ್ 1770ರಲ್ಲಿ ಬರೆದ ದೊರೊಗೊ ಗ್ರಂಥದಲ್ಲಿ ಸೋಲ್‌ನಿಂದ ಹೊರಡುವ ಆರು ಮುಖ್ಯ ದಾರಿಗಳಿವೆ. ದೇಶವನ್ನು ಕಟ್ಟಿದ್ದು ಆ ದಾರಿಗಳು. ನಿಮ್ಮ ಏಣು 1592ರ ಜಪಾನಿ ದಾಳಿಯಲ್ಲಿ ಶತ್ರುವನ್ನೂ ತಡೆಯಲಿಲ್ಲ. ಬೂಸಾನ್‌ನಲ್ಲಿ ಇಳಿದ ಜಪಾನಿ ಸೇನಾಪತಿ ಕೊನಿಶಿ ಯುಕಿನಾಗನ ಸೈನ್ಯ ಸುಮಾರು 20 ದಿನಗಳಲ್ಲಿ ಸೋಲ್ ಸೇರಿತು.

ಚರಿತ್ರೆ ಓದುಗಿ: "ಶತ್ರುವನ್ನೂ ತಡೆಯಲಿಲ್ಲ" ಎಂದರೆ ಏನರ್ಥ? ತಡೆಯಲು ಅಲ್ಲಿ ಯಾರಿದ್ದರು? ಕೊರಿಯಾದ ಸೇನಾಪತಿ ಶಿನ್ ರಿಪ್ ಸೇಜೆಯನ್ನು ಖಾಲಿ ಬಿಟ್ಟು ಚುಂಗ್‌ಜುವಿನಲ್ಲಿ ನದಿಗೆ ಬೆನ್ನು ಕೊಟ್ಟು ನಿಂತ. ಕಣಿವೆಯಲ್ಲೇ ಎದುರಿಸೋಣ ಎಂದು ಅವನ ಅಧೀನದ ಕಿಮ್ ಯೊಮುಲ್ ಹೇಳಿದ್ದನ್ನು ಕೇಳಲಿಲ್ಲ. ಮನುಷ್ಯನ ತಪ್ಪನ್ನು ಬೆಟ್ಟದ ಮೇಲೆ ಹೊರಿಸಬೇಡಿ.

ಸುವಾನ್‌ವಾಸಿ: "ಖಾಲಿ ಬಿಟ್ಟ" ಎನ್ನುವುದು ಅನ್ಯಾಯ. ಅವಸರದಲ್ಲಿ ಸೇರಿಸಿದ, ಪಳಗದ ಜನ ಅವನ ಜೊತೆಗಿದ್ದದ್ದು. ಕಾಡಿನಲ್ಲಿ ನಿಲ್ಲಿಸಿದ್ದರೆ ರಾತ್ರೋರಾತ್ರಿ ಚದುರುತ್ತಿದ್ದರು. 1583ರಲ್ಲಿ ಉತ್ತರದ ಗಡಿಯಲ್ಲಿ ಜುರ್ಚೆನ್ ಬುಡಕಟ್ಟಿನವರನ್ನು ಸೋಲಿಸಿದ ಕುದುರೆ ಸವಾರ ಬಯಲನ್ನು ಆರಿಸಿಕೊಂಡದ್ದು ಸಹಜ. ನಾನು ಸೇಜೆಯನ್ನು ನಡೆದು ದಾಟಿದ್ದೇನೆ. ಹತ್ತಿರದಲ್ಲೇ ಹನಲ್‌ಜೆ ಕಣಿವೆಯೂ ಇದೆ, ಕ್ರಿ.ಶ. 156ರಲ್ಲೇ ತೆರೆದದ್ದು. ಒಂದನ್ನು ಕಾದರೆ ಇನ್ನೊಂದರಿಂದ ಬರುತ್ತಿದ್ದರು.

ಚರಿತ್ರೆ ಓದುಗಿ: ಯಾವ "ಬಯಲು"? ಅದು ಗದ್ದೆ, ಜೌಗು. ಕುದುರೆಗಳು ಕೆಸರಿನಲ್ಲಿ ಸಿಕ್ಕಿಬಿದ್ದವು, ಜಪಾನಿಯರ ಕೋವಿಗಳು ಸವಾರರನ್ನು ಮುಗಿಸಿದವು. ಆಮೇಲೆ ಸೇಜೆಯನ್ನು ದಾಟಿದ ಕೊರಿಯಾದ ನೆರವಿಗೆ ಬಂದ ಚೀನಾದ ಮಿಂಗ್ ಸೇನಾಪತಿ ಲಿ ರುಸೊಂಗ್ ಇಂಥ ದುರ್ಗಮ ಸ್ಥಳವನ್ನು ಕಾಯಲಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟದ್ದನ್ನು ಮಂತ್ರಿ ಯು ಸೊಂಗ್‌ನ್ಯೊಂಗ್ ಆ ಯುದ್ಧದ ಬಗ್ಗೆ ತಾನು ಬರೆದ ಜಿಂಗ್‌ಬಿರೊಕ್ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಸುವಾನ್‌ವಾಸಿ: ರಣರಂಗದಲ್ಲೇ ಸತ್ತವನ ಬಗ್ಗೆ ಬದುಕುಳಿದ "ಮಂತ್ರಿ" ಬರೆದದ್ದು ನಿಮಗೆ ಪ್ರಮಾಣವೇ? ಸತ್ತವನು ಉತ್ತರ ಕೊಡಲಾರ.

ಚರಿತ್ರೆ ಓದುಗಿ: ಆ ಮಂತ್ರಿಯೇ ಜಪಾನಿ ಹಡಗುಗಳನ್ನು ಸೋಲಿಸಿದ ಯಿ ಸುನ್‌ಶಿನ್‌ನನ್ನು ನೌಕಾಪಡೆಗೆ ಶಿಫಾರಸು ಮಾಡಿದವನು. ಯೋಧನನ್ನು ಅಳೆಯಲು ಅವನಿಗೆ ಬರುತ್ತಿರಲಿಲ್ಲ ಎನ್ನುತ್ತೀರಾ? ಸೇಜೆಯನ್ನು ಕಾಯುವುದು ವ್ಯರ್ಥವಾಗಿದ್ದರೆ 1594ರಲ್ಲಿ ಅಲ್ಲಿ ಕೋಟೆಬಾಗಿಲು ಕಟ್ಟಿದ್ದೇಕೆ? 1708ರಲ್ಲಿ ಇನ್ನೆರಡು ಕಟ್ಟಿದ್ದೇಕೆ? ಉತ್ತರ ಕೊಡಿ.

ದಾರಿಹೋಕ: 1708! ಯುದ್ಧ ಮುಗಿದು 110 ವರ್ಷಗಳ ನಂತರ. ಅಷ್ಟು ಕಾಲವೂ ಜನ, ಸರಕು, ಸರ್ಕಾರಿ ಹುದ್ದೆಯ ಪರೀಕ್ಷೆಗೆ ಹೊರಟ ಅಭ್ಯರ್ಥಿಗಳು ಅದೇ ದಾರಿಯಲ್ಲಿ ನಡೆದರು. ನಾನು ಹೇಳಿದ್ದೂ ಅದನ್ನೇ.

ಶಿಲಾಸ್ತರ: ಬೆಟ್ಟದ ವಿಷಯಕ್ಕೆ ಬನ್ನಿ. ಸಾನ್‌ಗ್ಯೊಂಗ್‌ಪ್ಯೊ ಬರೆದವನು ಯಾರು ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ.

ಹಳೆಯ ನಕ್ಷೆ: ಬರೆದವನು ಯಾರಾದರೇನು? 1861ರ ದೇದೊಂಗ್‌ಯೊಜಿದೊ ನಕ್ಷೆಯನ್ನು ನೋಡಿ. ಕಿಮ್ ಜೊಂಗ್‌ಹೊ ಬೆಟ್ಟಗಳನ್ನು ಬಿಡಿ ಬಿಡಿಯಾಗಿ ಅಲ್ಲ, ಎಳೆ ಕಡಿಯದ ಸಾಲಾಗಿ ಕೆತ್ತಿದ್ದಾನೆ. 2005ರಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಉಪಗ್ರಹ ಮಾಹಿತಿಯಿಂದ ಹೊಸ ನಕ್ಷೆ ಮಾಡಿದಾಗಲೂ ಬಂದದ್ದು ಬೇಕ್‌ದುದೇಗನ್‌ಗೆ ಹತ್ತಿರದ ಚಿತ್ರವೇ.

ಶಿಲಾಸ್ತರ: "ಹತ್ತಿರದ ಚಿತ್ರ" ಬಂದದ್ದು ಎತ್ತರವನ್ನಷ್ಟೇ ಅಳೆದದ್ದರಿಂದ. ಆ ನಕ್ಷೆಯನ್ನು ಅಲ್ಲಿನ ಭೂಗೋಳ ವಿದ್ವಾಂಸರೇ ಒಪ್ಪಲಿಲ್ಲ.

ಹಳೆಯ ನಕ್ಷೆ: ವಿದ್ವಾಂಸರು ಒಪ್ಪದಿದ್ದರೂ ದೇಶ ಒಪ್ಪಿತು. ಬೇಕ್‌ದುದೇಗನ್ ಸಂರಕ್ಷಣಾ ಕಾನೂನು ಜಾರಿಯಾದದ್ದು ಅದೇ 2005ರಲ್ಲಿ. ಆ ಏಣಿನ ಗುಂಟ ಸುಮಾರು 2.6 ಲಕ್ಷ ಹೆಕ್ಟೇರ್ ರಕ್ಷಿತ ಪ್ರದೇಶವಾಯಿತು.

ಶಿಲಾಸ್ತರ: ಕಾನೂನು ಕಾಡನ್ನು ಉಳಿಸಲಿ, ಸಂತೋಷ. ಶಿಲೆಯ ವಯಸ್ಸನ್ನು ಅದು ತೀರ್ಮಾನಿಸುವುದಿಲ್ಲ.

ಚರಿತ್ರೆ ಓದುಗಿ: ಸುವಾನ್‌ವಾಸಿ ಅವರೇ, 1594ರ ಬಾಗಿಲಿನ ಪ್ರಶ್ನೆಗೆ ನೀವಿನ್ನೂ ಉತ್ತರಿಸಿಲ್ಲ.

ಸುವಾನ್‌ವಾಸಿ: ಉತ್ತರ ಮೊದಲೇ ಕೊಟ್ಟಿದ್ದೇನೆ: ಹನಲ್‌ಜೆ. ಮೇಲೆ ಹೋಗಿ ಓದಿ.