ಜಸ್ಟಿಸ್‌ಗೂ ನ್ಯಾಯ, ಫೇರ್‌ನೆಸ್‌ಗೂ ನ್ಯಾಯ: ಬೇರೆ ಪದ ಬೇಕಲ್ವಾ?

ಗೆಳೆಯರೇ, ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಅಮೆರಿಕದ ತತ್ವಚಿಂತಕ ಜಾನ್ ರಾಲ್ಸ್ ಅವರ ವಿಚಾರಗಳನ್ನು ಕನ್ನಡದಲ್ಲಿ ಚರ್ಚಿಸುತ್ತಿದ್ದೇವೆ. ಶುರುವಿನಲ್ಲೇ ಒಂದು ತೊಡಕು ಎದುರಾಗಿದೆ. ಅವರ 1971ರ ಪುಸ್ತಕದ ತಿರುಳೇ ‘ಜಸ್ಟಿಸ್ ಆ್ಯಸ್ ಫೇರ್‌ನೆಸ್’. ಕನ್ನಡಕ್ಕೆ ತಂದರೆ ‘ನ್ಯಾಯ ಎಂದರೆ ನ್ಯಾಯ’ ಎಂದಾಗುತ್ತದೆ. ಯಾಕೆಂದರೆ ಫೇರ್ ಪ್ರೈಸ್ ಶಾಪ್ ನಮಗೆ ನ್ಯಾಯಬೆಲೆ ಅಂಗಡಿ.

ಇಲ್ಲಿನ ಆಡುಮಾತಲ್ಲಿ ತೊಡಕು ಇನ್ನೂ ಜಾಸ್ತಿ. ಮೆಕ್ಕೆಜೋಳ ಮಾರಲು ಬಂದ ರೈತ ‘ನ್ಯಾಯವಾದ ರೇಟು ಕೊಡ್ರಿ’ ಅಂದರೆ ಅದು ಫೇರ್‌ನೆಸ್. ಸಿರಿಗೆರೆಯ ತರಳಬಾಳು ಮಠದ ನ್ಯಾಯಪೀಠಕ್ಕೆ ಜನ ವ್ಯಾಜ್ಯ ತಗೊಂಡು ಹೋಗುವುದು ಜಸ್ಟಿಸ್ ಕೇಳಲು. ಹೊಲದ ಬದುವಿನ ವಿಷಯಕ್ಕೆ ‘ಅಣ್ಣತಮ್ಮರಿಗೆ ನ್ಯಾಯ ಬಿದ್ದೈತೆ’ ಅಂದರೆ, ಅಲ್ಲಿ ನ್ಯಾಯ ಅಂದರೆ ಜಗಳ!

ರಾಲ್ಸ್ ವಾದಕ್ಕೆ ಎರಡು ಪದ ಬೇಕೇ ಬೇಕು. ತಾನು ಯಾರ ಮನೆಯಲ್ಲಿ ಹುಟ್ಟಿದ್ದೇನೆ, ಆಸ್ತಿ ಎಷ್ಟು, ಬುದ್ಧಿ ಎಷ್ಟು, ಯಾವುದೂ ಗೊತ್ತಿಲ್ಲದಂತೆ ಎಲ್ಲರೂ ಕೂತು ಸಮಾಜದ ಕಟ್ಟಳೆಗಳನ್ನು ಒಪ್ಪಿಕೊಳ್ಳುತ್ತಾರೆ ಎಂದು ಊಹಿಸಿಕೊಳ್ಳಿ ಅನ್ನುತ್ತಾರೆ ಅವರು. ಯಾರಿಗೂ ಮೇಲುಗೈ ಇಲ್ಲದ ಆ ಕೂಟ ಫೇರ್. ಅಲ್ಲಿ ಒಪ್ಪಿದ ಕಟ್ಟಳೆ ಜಸ್ಟ್. ಆಸ್ತಿ ಭಾಗವಾಗುವಾಗ ಪಾಲು ಹಾಕಿದವನು ಕೊನೆಗೆ ತಗೊಳ್ಳಲಿ ಅಂತಾರಲ್ಲ, ಅದರ ಹಿಂದಿರುವ ಯೋಚನೆಯೂ ಇಂಥದ್ದೇ.

ಹಾಗಾದರೆ ಫೇರ್‌ನೆಸ್‌ಗೆ ಏನನ್ನೋಣ? ‘ಸಮಾನತೆ’ ಆಗದು. ತೀರಾ ಕೆಳಗಿರುವವರಿಗೆ ಅನುಕೂಲವಾಗುವುದಾದರೆ ಸಂಪತ್ತಿನ ಅಸಮಾನತೆಯನ್ನೂ ರಾಲ್ಸ್ ಒಪ್ಪುತ್ತಾರೆ. ‘ನಿಷ್ಪಕ್ಷಪಾತ’ ತೀರ್ಪು ಹೇಳುವವರ ಗುಣ. ‘ನ್ಯಾಯಸಮ್ಮತ’ದಲ್ಲಿ ಮತ್ತೆ ನ್ಯಾಯವೇ ಕೂತಿದೆ. ‘ನೀತಿ’ ಅಂದರೆ ಇನ್ನೊಂದು ಗೊಂದಲ. ಅಮರ್ತ್ಯ ಸೇನ್ 2009ರ ಪುಸ್ತಕದಲ್ಲಿ ಕಟ್ಟಳೆ, ಸಂಸ್ಥೆಗಳು ಸರಿಯಾಗಿರುವುದನ್ನು ನೀತಿ ಎಂದೂ, ಜನರ ಬದುಕಿನಲ್ಲಿ ನಿಜವಾಗಿ ಆಗುವುದನ್ನು ನ್ಯಾಯ ಎಂದೂ ಬೇರ್ಪಡಿಸಿದ್ದಾರೆ. ಆ ಗೆರೆ ಎಳೆದೇ ಅವರು ರಾಲ್ಸ್‌ರನ್ನು ಪ್ರಶ್ನಿಸುವುದು. ಅದೇ ಪದವನ್ನು ರಾಲ್ಸ್ ಬಾಯಲ್ಲಿ ಇಟ್ಟರೆ ಆ ವಾದವೇ ಅರ್ಥವಾಗುವುದಿಲ್ಲ.

ಆಟದಲ್ಲಿ ಮಕ್ಕಳು ‘ಇದು ಮೋಸ’ ಅಂತ ಕೂಗುತ್ತಾರೆ. ಅನ್‌ಫೇರ್ ಅನ್ನುವುದಕ್ಕೆ ಅದಕ್ಕಿಂತ ಜೀವಂತ ಪದ ನನಗೆ ಕಂಡಿಲ್ಲ. ಆದರೆ ‘ಮೋಸವಿಲ್ಲದ’ ಅಂದರೆ ಸಾಲದು. ಯಾರೂ ಮೋಸ ಮಾಡದೆಯೂ ಬರೀ ಹುಟ್ಟಿನ ಬಲದಿಂದ ಮೇಲುಗೈ ಸಿಗುತ್ತದೆ ಅಲ್ವಾ? ರಾಲ್ಸ್ ತಡೆಯಲು ಹೊರಟಿದ್ದು ಅದನ್ನೇ.

ಸದ್ಯಕ್ಕೆ ನನ್ನ ಒಲವು ಹೀಗಿದೆ. ‘ನ್ಯಾಯ’ವನ್ನು ಜಸ್ಟಿಸ್‌ಗೆ ಬಿಟ್ಟು, ಫೇರ್‌ನೆಸ್‌ಗೆ ‘ಮೇಲುಗೈ ಇಲ್ಲದ ಒಪ್ಪಂದ’ ಎಂದು ಬಿಡಿಸಿಯೇ ಬರೆಯುವುದು. ಅರ್ಥ ನೇರವಾಗಿದೆ, ಆದರೆ ಪದೇ ಪದೇ ಬಳಸಲು ಉದ್ದವಾಯಿತು. ಚಳ್ಳಕೆರೆ, ಹೊಸದುರ್ಗದ ಕಡೆಯವರು ಹೇಳಿ: ಪಾಲು ಎಲ್ಲರಿಗೂ ಒಪ್ಪುವಂತೆ ಆದಾಗ ನಿಮ್ಮ ಹಿರಿಯರು ಏನಂತಾರೆ? ‘ಧರ್ಮವಾಗಿ ಆಯ್ತು’ ಅನ್ನುವುದುಂಟಾ, ಬೇರೆ ಮಾತಿದೆಯಾ?