1776ರಲ್ಲೇ ಕ್ಯಾಲಿಫೋರ್ನಿಯಾದ ಚಿನ್ನ ಸ್ಪೇನ್ ಕೈಗೆ ಸಿಕ್ಕಿದ್ದರೆ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನ ಬಿದ್ದದ್ದು 1848ರ ಜನವರಿ 24ಕ್ಕೆ. ಒಂಬತ್ತೇ ದಿನಕ್ಕೆ ಮೆಕ್ಸಿಕೋ ಆ ನಾಡನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದ ಆಯಿತು. ಸ್ಪೇನಿನವರು 1769ರಲ್ಲೇ ಸ್ಯಾನ್ ಡಿಯಾಗೋಗೆ ಬಂದು ನೆಲೆಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಕೋಟೆ ಕಟ್ಟಿದ 1776ರಲ್ಲೇ ಅವರಿಗೆ ಈ ಚಿನ್ನ ಸಿಕ್ಕಿದ್ದರೆ? ಜನ ಸಾವಿರಗಟ್ಟಲೆ ಬಂದು, ಆ ಕರಾವಳಿ ಸ್ಪೇನಿನದ್ದಾಗಿಯೇ ಉಳಿಯುತ್ತಿತ್ತು ಅಂತ ನನಗನಿಸುತ್ತದೆ. ನೀವೇನಂತೀರಿ?

ಉತ್ತರ 1:
ಜನ ಬರುತ್ತಿದ್ದರು, ಅದರಲ್ಲಿ ಅನುಮಾನ ಬೇಡ. 1771ರಲ್ಲಿ ಸೊನೋರಾದ (ಈಗಿನ ಮೆಕ್ಸಿಕೋದ ವಾಯವ್ಯ ಭಾಗ) ಸಿಯೆನೆಗಿಯಾದಲ್ಲಿ ಚಿನ್ನ ಸಿಕ್ಕಾಗ ಜನ ಮುಗಿಬಿದ್ದಿದ್ದರು. ನೀರಿಲ್ಲದ ಕಡೆ ಮಣ್ಣನ್ನು ಗಾಳಿಗೆ ತೂರಿ ಚಿನ್ನ ಬೇರೆ ಮಾಡುವುದೂ ಸೊನೋರಾದವರಿಗೆ ಗೊತ್ತಿತ್ತು. ಕೊಲೊಮಾದಲ್ಲಿ ವರ್ಷವಿಡೀ ಹರಿಯುವ ಅಮೆರಿಕನ್ ನದಿ ಸಿಕ್ಕರೆ ಬಿಡುತ್ತಿದ್ದರಾ?

ಆದರೆ ದಾರಿ ನೋಡಿ. ಸೊನೋರಾದಿಂದ ನೆಲದ ಮೇಲೆ ಬರಲು ಕೊಲರಾಡೋ ನದಿಯನ್ನು ಯೂಮಾ ಹತ್ತಿರ ದಾಟಬೇಕು. ಅದು ಕ್ವೆಚಾನ್ ಅನ್ನುವ ಮೂಲನಿವಾಸಿ ಜನರ ಜಾಗ. ಅವರ ನಾಯಕ ಸಾಲ್ವಡೋರ್ ಪಾಲ್ಮಾ ಸ್ನೇಹದಿಂದ ಇದ್ದದ್ದಕ್ಕೇ ಸ್ಪೇನಿನ ಸೇನಾಧಿಕಾರಿ ಆನ್ಸಾ 1775ರಲ್ಲಿ ಸುಮಾರು 240 ಜನರನ್ನು ನದಿ ದಾಟಿಸಿ ಕರೆದೊಯ್ದದ್ದು. 1781ರಲ್ಲಿ ಏನಾಯಿತು? ಲಾಸ್ ಏಂಜಲೀಸ್‌ಗೆ ಹೊರಟವರ ದನ, ಕುದುರೆಗಳು ಕ್ವೆಚಾನರ ಬೆಳೆ ತುಳಿದವು, ಮೇಯ್ದವು. ಮೊದಲೇ ಅಸಮಾಧಾನ ಇತ್ತು. ಜುಲೈನಲ್ಲಿ ಅವರು ತಿರುಗಿಬಿದ್ದರು, ದಾರಿ ಮುಚ್ಚಿಹೋಯಿತು. ಒಂದು ತಂಡದ ದನಕ್ಕೇ ಹೀಗಾದರೆ, ಚಿನ್ನ ಹುಡುಕಿ ಬರುವವರ ದನಕ್ಕೆ? ಚಿನ್ನವೇ ಆ ದಾರಿಯನ್ನು ಇನ್ನೂ ಬೇಗ ಮುಚ್ಚಿಸುತ್ತಿತ್ತು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಉತ್ತರ 2:
ಊಟದ ಮಾತೂ ಇದೆ. ಮೆಕ್ಸಿಕೋದ ಬಂದರು ಸ್ಯಾನ್ ಬ್ಲಾಸ್‌ನಿಂದ ಬರುವ ಹಡಗು ತಡವಾದರೆ ಕ್ರೈಸ್ತ ಪಾದ್ರಿಗಳ ನೆಲೆಗಳಾದ ಮಿಷನ್‌ಗಳಲ್ಲಿ ಹಸಿವು. 1772ರಲ್ಲಿ ಅಲ್ಲಿನ ಸ್ಪ್ಯಾನಿಷ್ ಸೇನಾಧಿಕಾರಿ ಪೆದ್ರೋ ಫಾಹೆಸ್ ಕರಡಿ ಬೇಟೆಯಾಡಿ ಜನರಿಗೆ ಮಾಂಸ ಒದಗಿಸಬೇಕಾಯಿತು. ಅಂಥ ಜಾಗಕ್ಕೆ ಸಾವಿರಾರು ಬಾಯಿ! ಜೊತೆಗೆ ರಾಜನ ಪಾಲಿನ ಜಗಳ. 1736ರಲ್ಲಿ ಸೊನೋರಾದ ಅರಿಸೋನಾಕ್ ಬಳಿ ಬೆಳ್ಳಿ ಗಟ್ಟಿಗಳು ಸಿಕ್ಕಾಗ, ಅದು ಗಣಿಯೋ ನಿಧಿಯೋ ಅಂತ ಅಧಿಕಾರಿಗಳು ಜಪ್ತಿ ಮಾಡಿದ್ದರು. ಗಣಿಯಾದರೆ ರಾಜನಿಗೆ ಐದರಲ್ಲೊಂದು ಪಾಲು ಮಾತ್ರ, ನಿಧಿಯಾದರೆ ಇನ್ನೂ ಹೆಚ್ಚು, ನೋಡಿ.

ಪ್ರಶ್ನೆ ಕೇಳಿದವರು:
ದಾರಿಯ ವಿಷಯ ನಾನು ಯೋಚಿಸಿರಲಿಲ್ಲ. ಹಾಗಾದರೆ ಬೆಟ್ಟದ ತಪ್ಪಲಿನ ಮೂಲನಿವಾಸಿಗಳಾದ ನಿಸೆನಾನ್, ಮಿವೋಕ್ ಜನರ ಗತಿ? ಮಿಷನ್‌ಗಳೆಲ್ಲ ಕರಾವಳಿಯಲ್ಲಿದ್ದವು, ಚಿನ್ನ ಇದ್ದದ್ದು ಒಳನಾಡಲ್ಲಿ ಅಲ್ವಾ?

ಉತ್ತರ 1:
ಹೌದು, ನನ್ನನ್ನು ಜಾಸ್ತಿ ಕಾಡುವುದೂ ಅದೇ. ಮಿಷನ್‌ಗಳಲ್ಲಿ ಜನರನ್ನು ಕೊಂದ ರೋಗಗಳು ಆ ಹಳ್ಳಿಗಳಿಗೂ ಬೇಗ ಮುಟ್ಟುತ್ತಿದ್ದವು. ಮುಂದೆ 1829ರಲ್ಲಿ ಸ್ಯಾನ್ ಹೋಸೆ ಮಿಷನ್ ಬಿಟ್ಟು ಬಂದ ಮೂಲನಿವಾಸಿ ನಾಯಕ ಎಸ್ತಾನಿಸ್ಲಾವ್ ಮೆಕ್ಸಿಕೋ ಸೈನಿಕರನ್ನು ಹಿಮ್ಮೆಟ್ಟಿಸಿದ. ಆತ ಸೈನಿಕರ ರೀತಿನೀತಿ ಹತ್ತಿರದಿಂದ ಕಂಡವನು. 1776ರಲ್ಲಿ ತಪ್ಪಲಿನವರಿಗೆ ಆ ಪರಿಚಯವೇ ಇರಲಿಲ್ಲ. ಹಾಗಾಗಿ ಕರಾವಳಿ ಸ್ಪೇನಿಗೆ ಉಳಿಯುತ್ತಿತ್ತಾ ಅನ್ನುವುದಕ್ಕಿಂತ ಆ ಹಳ್ಳಿಗಳಲ್ಲಿ ಎಷ್ಟು ಉಳಿಯುತ್ತಿದ್ದವು ಅನ್ನುವುದನ್ನೇ ನಾನು ಮೊದಲು ಕೇಳುತ್ತೇನೆ.